ಗೋವಿನಜೋಳ ಕಂಪ್ಯೂಟರಿನಲ್ಲಿ ಜೋಳ ಆಗಿದ್ದು ಎಲ್ಲಿ?

ಕಳೆದ ಬೇಸಿಗೆಯಲ್ಲಿ ನಮ್ಮ ಬಳಗದ ಗೆಳೆಯನೊಬ್ಬನ ಅಪ್ಪ ಹೋಬಳಿಯ ಒಂದು ಕಚೇರಿಗೆ ಹೋಗಿದ್ದರು. ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದರು. ಬೆಳೆ ವಿಮೆ ಅರ್ಜಿ ತಿರಸ್ಕಾರ ಆದವರ ಪಟ್ಟಿ. ಅದರಲ್ಲಿ ಅವರ ಹೆಸರೂ ಇತ್ತು. ಕಾರಣದ ಜಾಗದಲ್ಲಿ ಒಂದೇ ಸಾಲು: ವಿಮೆ ಮಾಡಿಸಿದ ಬೆಳೆಗೂ ಬೆಳೆ ಸಮೀಕ್ಷೆಯ ಬೆಳೆಗೂ ತಾಳೆ ಆಗುತ್ತಿಲ್ಲ.

ಅವರು ವಿಮೆ ಕಟ್ಟಿದ್ದು ಗೋವಿನಜೋಳಕ್ಕೆ. ಬಿತ್ತಿದ್ದೂ ಗೋವಿನಜೋಳವೇ, ಎರಡು ಎಕರೆ ಇಪ್ಪತ್ತು ಗುಂಟೆ ಪೂರ್ತಿ. ಸಮೀಕ್ಷೆಯಲ್ಲಿ ಮಾತ್ರ 'ಜೋಳ' ಅಂತ ಬಿದ್ದಿತ್ತು.

"ತಮ್ಮಾ, ಇದು ತಪ್ಪೈತಿ ನೋಡು. ನಮ್ಮ ಊರಾಗ ಮುಂಗಾರಿಗೆ ಜೋಳ ಯಾರ ಬಿತ್ತತಾರ?" ಅಂತ ಕಂಪ್ಯೂಟರ್ ಮುಂದೆ ಕೂತ ಹುಡುಗನನ್ನು ಕೇಳಿದರಂತೆ.

"ನಾ ಏನ್ ಮಾಡ್ಲಿರಿ ಕಾಕಾರ, ಕಂಪ್ಯೂಟರ್‌ನಾಗ ಹಂಗ ಐತಿ. ಆಕ್ಷೇಪಣೆ ಅರ್ಜಿ ಕೊಡ್ರಿ. ಸಾಕ್ಷಿ ಹಚ್ಚಿ ಕೊಡ್ರಿ."

ಸಾಕ್ಷಿ ಅಂದರೆ ಏನು? ಬೆಳೆ ನಮೂದಾದ ಉತಾರ, ಇಲ್ಲವೇ ಬೆಂಬಲ ಬೆಲೆಗೆ ಮಾರಿದ ಕಾಗದ, ಇಲ್ಲವೇ ಎಪಿಎಂಸಿ ರಸೀದಿ. ಉತಾರದಲ್ಲಿ ಬೆಳೆಯ ಹೆಸರು ಬರುವುದೇ ಸಮೀಕ್ಷೆಯಿಂದ. ಅಲ್ಲಿ 'ಜೋಳ' ಅಂತ ಬಿದ್ದರೆ ಇಲ್ಲೂ ಜೋಳವೇ. ಇನ್ನು ಆ ವರ್ಷ ಮಳೆ ಕೈಕೊಟ್ಟು ಬಂದದ್ದೇ ಹತ್ತು ಹನ್ನೆರಡು ಚೀಲ. ಅದನ್ನು ಕಣದಲ್ಲೇ ಊರಿನ ವ್ಯಾಪಾರಿಗೆ ತೂಗಿ ಕೊಟ್ಟಿದ್ದರು. ಲೆಕ್ಕ ಬರೆದದ್ದು ಒಂದು ಹರಿದ ಹಾಳೆಯ ಮೇಲೆ. ಹೊಲವನ್ನು ಎಂದೋ ಹರಗಿ ಆಗಿತ್ತು. ಬೆಳೆ ನಿಂತಿದ್ದಾಗ ಅವರನ್ನು ಯಾರೂ ಏನೂ ಕೇಳಲಿಲ್ಲ. ಕೂಳೆಯೂ ಉಳಿಯದ ಮೇಲೆ ಏನು ಬೆಳೆದಿದ್ದೆ ತೋರಿಸು ಅಂದರು.

ಪಕ್ಕದ ಹೊಲದವರಿಗೆ ವಿಮೆ ಹಣ ಬಂತು. ಈ ವಿಮೆಯಲ್ಲಿ ಒಬ್ಬೊಬ್ಬರ ಹೊಲ ನೋಡಿ ಪರಿಹಾರ ಲೆಕ್ಕ ಹಾಕುವುದು ಕಡಿಮೆ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯತಿ ಮಟ್ಟದಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ, ಇಳುವರಿ ಎಷ್ಟು ಬಿತ್ತು ಅಂತ ನೋಡಿ, ಆ ಬೆಳೆಗೆ ವಿಮೆ ಕಟ್ಟಿದ ಎಲ್ಲರಿಗೂ ಒಂದೇ ಲೆಕ್ಕದಲ್ಲಿ ಕೊಡುತ್ತಾರೆ. ಅಂದರೆ ಒಂದೇ ಮಳೆ, ಒಂದೇ ಮಣ್ಣು, ಒಂದೇ ಬೆಳೆ. ಬದುವಿನ ಆಚೆ ಹಣ ಬಂತು, ಈಚೆ ಬರಲಿಲ್ಲ. ನಡುವೆ ಇದ್ದದ್ದು ಮೊಬೈಲಿನಲ್ಲಿ ಒಂದು ಬೆರಳು ಒತ್ತಿದ ಜಾಗ.

'ಕಂಪ್ಯೂಟರ್‌ನಾಗ ಹಂಗ ಐತಿ' ಅನ್ನುವ ಮಾತನ್ನು ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೇವೆ. ಪಡಿತರ ಅಂಗಡಿಯಲ್ಲಿ ಕೇಳಿದ್ದೇವೆ, ಬ್ಯಾಂಕಿನಲ್ಲಿ ಕೇಳಿದ್ದೇವೆ, ಪಂಚಾಯತಿಯಲ್ಲಿ ಕೇಳಿದ್ದೇವೆ. ಕೇಳಿ ಕೇಳಿ ಅದು ಮಳೆ ಬಂತು, ಬಿಸಿಲು ಬಂತು ಅನ್ನುವ ಹಾಗೆ ಆಗಿಬಿಟ್ಟಿದೆ. ಯಾರೂ ಮಾಡಿದ್ದಲ್ಲ, ತಾನಾಗೇ ಆದದ್ದು ಅನ್ನುವ ಹಾಗೆ. ಆದರೆ ಕಂಪ್ಯೂಟರಿಗೆ ಹೊಲ ಕಾಣುವುದಿಲ್ಲ. ಅದರೊಳಗೆ ಹೋದ ಒಂದೊಂದು ಅಕ್ಷರವನ್ನೂ ಯಾರೋ ಒಬ್ಬರು, ಎಲ್ಲೋ ಒಂದು ಕಡೆ ನಿಂತು, ಯಾವುದೋ ಅವಸರದಲ್ಲಿ ಒತ್ತಿರುತ್ತಾರೆ. ನಾವು ಆ ಜಾಗಕ್ಕೆ ಹಿಂದಕ್ಕೆ ನಡೆದು ಹೋಗಿ ನೋಡಿದೆವು.

ಬೆಳೆ ಸಮೀಕ್ಷೆ ಹೇಗೆ ನಡೆಯುತ್ತದೆ ಅಂತ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಮೊದಲು ತಲಾಟಿಯವರು ಉತಾರದಲ್ಲಿ ಬೆಳೆ ಬರೆಯುತ್ತಿದ್ದರು. ಎಷ್ಟೋ ಊರುಗಳಲ್ಲಿ ಚಾವಡಿಯಲ್ಲೇ ಕೂತು ಹೋದ ವರ್ಷದ ಬೆಳೆಯನ್ನೇ ಈ ವರ್ಷಕ್ಕೂ ಇಳಿಸುತ್ತಿದ್ದರು ಅನ್ನುವುದು ಗುಟ್ಟೇನೂ ಅಲ್ಲ. 2017-18ರಿಂದ ನಮ್ಮ ರಾಜ್ಯದಲ್ಲಿ ಮೊಬೈಲ್ ಆಪ್ ಬಂತು. ಹೊಲದ ಒಳಗೆ ನಿಂತರೇನೇ ಜಿಪಿಎಸ್ ಒಪ್ಪುತ್ತದೆ, ಬೆಳೆಯ ಫೋಟೋ ತೆಗೆಯಬೇಕು, ಸರ್ವೆ ನಂಬರ್ ಮತ್ತು ಹಿಸ್ಸಾವಾರು ಬೆಳೆ ಹಾಕಬೇಕು. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಬೆಳೆಯನ್ನು ಹಾಕಿಕೊಳ್ಳುವ ಆಪ್ ಕೂಡ ಬಂತು. ರೈತರು ಹಾಕದೆ ಬಿಟ್ಟದ್ದನ್ನು ಊರಿನ ಯುವಕರು ಮಾಡುತ್ತಾರೆ. ಅವರಿಗೆ ಕಚೇರಿ ಭಾಷೆಯಲ್ಲಿ 'ಖಾಸಗಿ ನಿವಾಸಿ' ಅಂತ ಹೆಸರು. (ಊರಲ್ಲಿ ಇರುವವರೆಲ್ಲ ಖಾಸಗಿ ನಿವಾಸಿಗಳೇ ಅಲ್ಲವೇ ಅಂತ ನಮಗೆ ಇವತ್ತಿಗೂ ನಗು ಬರುತ್ತದೆ.) ಅವರಿಗೆ ಸಂಬಳ ಇಲ್ಲ. ಒಂದು ತಾಕಿಗೆ ಇಷ್ಟು ಅಂತ ಗೌರವಧನ.

ಹಳೆಯದಕ್ಕೆ ಹೋಲಿಸಿದರೆ ಇದು ಎಷ್ಟೋ ಮೇಲು. ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಆದರೂ ಆ ಹುಡುಗನ ಜಾಗದಲ್ಲಿ ನಿಂತು ನೋಡಿ. ದಿನಗಳು ಕೆಲವೇ, ತಾಕುಗಳು ನೂರಾರು. ಕೆಸರು. ನೆಟ್‌ವರ್ಕ್ ಬದುವಿನ ಮೇಲೆ ಸಿಕ್ಕರೆ ಹೊಲದಲ್ಲಿ ಇಲ್ಲ. ಎಷ್ಟು ತಾಕು ಮುಗಿಸಿದ ಅನ್ನುವುದರ ಮೇಲೆ ಅವನಿಗೆ ದುಡ್ಡು. ಎಷ್ಟು ಸರಿ ಹಾಕಿದ ಅನ್ನುವುದಕ್ಕೆ ಪ್ರತ್ಯೇಕ ದುಡ್ಡು ಇಲ್ಲ. ಹೊಲದ ಒಡೆಯ ಅಲ್ಲಿ ಇರಬೇಕು ಅಂತ ಯಾರೂ ಹೇಳಿಲ್ಲ.

ಇನ್ನು ಬೆಳೆಯ ಹೆಸರು. ಹಾವೇರಿ, ಧಾರವಾಡದ ಕಡೆ ಗೋವಿನಜೋಳ ಅನ್ನುತ್ತೇವೆ. ದಾವಣಗೆರೆ ಕಡೆ ಮೆಕ್ಕೆಜೋಳ. ಸರ್ಕಾರದ ಕಾಗದದಲ್ಲಿ ಬಹಳ ಸಲ ಮುಸುಕಿನ ಜೋಳ. ಮೂರೂ ಒಂದೇ. ಬರೀ 'ಜೋಳ' ಅಂದರೆ ಮಾತ್ರ ಬೇರೆ, ನಮ್ಮ ರೊಟ್ಟಿಯ ಜೋಳ. ಮಾತಿನಲ್ಲಿ ನಮಗೆ ಗೊಂದಲ ಆಗುವುದಿಲ್ಲ. ಮೊಬೈಲಿನ ಪಟ್ಟಿಯಲ್ಲಿ ಗೋವಿನಜೋಳ ಅಂತ ಹುಡುಕಿ, ಅದು ಸಿಗದೆ, 'ಜೋಳ' ಕಂಡಾಗ ಅದನ್ನೇ ಒತ್ತುವುದು ಎಷ್ಟು ಸುಲಭ ಅಂತ ಯೋಚಿಸಿ. ಫೋಟೋ ಇರುತ್ತದಲ್ಲ ಅನ್ನಬಹುದು. ಮೊಣಕಾಲೆತ್ತರದ ಗೋವಿನಜೋಳವನ್ನೂ ಜೋಳವನ್ನೂ ಫೋಟೋದಲ್ಲಿ ಬೇರೆ ಮಾಡಿ ಹೇಳುವುದು ಕಷ್ಟ. ಬೆಳೆದವನಿಗೆ ಹತ್ತು ಮಾರು ದೂರದಿಂದ ತಿಳಿಯುತ್ತದೆ, ಮೇಜಿನ ಮುಂದೆ ಕೂತು ದಿನಕ್ಕೆ ಇನ್ನೂರು ಮುನ್ನೂರು ಫೋಟೋ ಒಪ್ಪುವ ಮೇಲ್ವಿಚಾರಕರಿಗೆ ತಿಳಿಯಲಿಕ್ಕಿಲ್ಲ.

ಆದರೆ ಒಂದು ಪ್ರಶ್ನೆಯನ್ನು ಕಂಪ್ಯೂಟರ್ ತಾನೇ ಕೇಳಬಹುದಿತ್ತು. ಆ ಊರಿನಲ್ಲಿ ಆ ಮುಂಗಾರಿಗೆ ಜೋಳ ಅಂತ ಬಿದ್ದದ್ದು ಬೆರಳೆಣಿಕೆಯ ಹೊಲಗಳಲ್ಲಿ. ಸುತ್ತ ಎಲ್ಲ ಗೋವಿನಜೋಳ. ಅದೇ ರೈತ ಅದೇ ಸರ್ವೆ ನಂಬರಿಗೆ ವಾರಗಳ ಹಿಂದಷ್ಟೇ ಗೋವಿನಜೋಳಕ್ಕೆ ವಿಮೆ ಕಟ್ಟಿದ್ದಾನೆ. ಇಷ್ಟು ಮಾಹಿತಿ ಸರ್ಕಾರದ ಕೈಯಲ್ಲೇ, ಎರಡು ಬೇರೆ ಪೆಟ್ಟಿಗೆಗಳಲ್ಲಿ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಆಗಿದ್ದು ಬೆಳೆ ಹೊಲದಲ್ಲಿ ಇದ್ದಾಗ ಅಲ್ಲ. ಹಣ ಕೊಡುವ ಹೊತ್ತಿಗೆ ಆಯಿತು. ಅದೂ ಯಾಕೆ ಆಯಿತು ಅಂದರೆ ಅರ್ಜಿ ತಿರಸ್ಕರಿಸಲು.

ಇಲ್ಲಿ ನಮಗೆ ಡೇರಿ ನೆನಪಾಗುತ್ತದೆ.

ನಮ್ಮ ಊರುಗಳಲ್ಲಿ ಮಾಹಿತಿ ದಾಖಲೆ ಮಾಡುವ ಸಂಸ್ಥೆಗಳು ಬೇಕಾದಷ್ಟಿವೆ. ಅವುಗಳಲ್ಲಿ ತಪ್ಪು ಅತಿ ಬೇಗ ಸಿಕ್ಕಿಬೀಳುವ ಜಾಗ ಯಾವುದು ಅಂದರೆ, ನಮ್ಮ ಪ್ರಕಾರ ಹಾಲಿನ ಡೇರಿ. ಬೆಳಿಗ್ಗೆ ಆರೂವರೆಗೆ ಹೋಗಿ ನಿಂತು ನೋಡಿ. ಹಾಲು ಸುರಿಯುತ್ತಾರೆ, ತೂಕ ಕಣ್ಣೆದುರೇ ಕಾಣುತ್ತದೆ. ಸ್ಯಾಂಪಲ್ ಮೆಷಿನ್ನಿಗೆ ಹೋಗುತ್ತದೆ, ಫ್ಯಾಟ್ ಇಷ್ಟು, ಎಸ್‌ಎನ್‌ಎಫ್ ಇಷ್ಟು ಅಂತ ಬರುತ್ತದೆ. ಚೀಟಿ ಕೈಗೆ. ಚೀಟಿ ಇಲ್ಲದ ಕಡೆ ಪುಸ್ತಕದಲ್ಲಿ ಬರೆದು ಕೊಡುತ್ತಾರೆ. ಓದು ಬರಹ ಬಾರದ ಅವ್ವ ಕೂಡ ಆ ಎರಡು ಅಂಕಿ ಓದುತ್ತಾಳೆ.

"ನಿನ್ನೆ ನಾಕು ಇತ್ತಲ್ಲೋ, ಇವತ್ತ ಮೂರೂವರಿ ಹೆಂಗ ಬಂತು?" ಅಂತ ಅಲ್ಲೇ ಜಗಳ.

"ಇನ್ನೊಮ್ಮಿ ಹಾಕ್ತೀನಿ ತಡಿಯವ್ವಾ" ಅಂತ ಸೆಕ್ರೆಟರಿ.

ಮತ್ತೆ ಹಾಕುತ್ತಾನೆ, ಅವಳು ನೋಡುತ್ತಾಳೆ. ಸರಿಯೋ ತಪ್ಪೋ, ಎಂಟು ಗಂಟೆ ಒಳಗೆ ಮುಗಿಯಿತು. ಮೇಲಿನ ಹಂತ ಇನ್ನೂ ಇದೆ. ಊರಿನ ಒಟ್ಟು ಹಾಲು ಒಕ್ಕೂಟಕ್ಕೆ ಹೋದಾಗ ಅಲ್ಲಿ ಮತ್ತೆ ಪರೀಕ್ಷೆ. ಊರಿನಲ್ಲಿ ಬರೆದ ಫ್ಯಾಟಿಗೂ ಅಲ್ಲಿ ಸಿಕ್ಕ ಫ್ಯಾಟಿಗೂ ಬಹಳ ಅಂತರ ಬಿದ್ದರೆ ಸಂಘಕ್ಕೇ ನಷ್ಟ. ಹಾಗಾಗಿ ಸೆಕ್ರೆಟರಿ ಹೆಚ್ಚು ಬರೆದರೂ ಸಿಕ್ಕಿಬೀಳುತ್ತಾನೆ, ಕಡಿಮೆ ಬರೆದರೆ ಅವ್ವ ಬಿಡುವುದಿಲ್ಲ.

ಡೇರಿಯಲ್ಲಿ ಮೋಸವೇ ಇಲ್ಲ ಅನ್ನುವಷ್ಟು ಮುಗ್ಧರು ನಾವಲ್ಲ. ಎಸ್‌ಎನ್‌ಎಫ್ ಬಗ್ಗೆ ಎಷ್ಟು ದೂರು ಇವೆ ಅಂತ ನಮಗೂ ಗೊತ್ತು. ಮೆಷಿನ್ ಕೆಟ್ಟಾಗ ಎಲ್ಲರಿಗೂ ಒಂದೇ ಅಂಕಿ ಬರೆದದ್ದನ್ನೂ ನೋಡಿದ್ದೇವೆ. ಆದರೆ ಅಲ್ಲಿನ ಪದ್ಧತಿಯನ್ನು ನೋಡಿ. ಮಾಹಿತಿ ಕೊಟ್ಟವಳೇ ಅದನ್ನು ಮೊದಲು ನೋಡುತ್ತಾಳೆ. ನೋಡುವುದು ಆಗಲೇ, ಹಾಲು ಇನ್ನೂ ಬೆಚ್ಚಗಿರುವಾಗ. ತಿದ್ದುವ ಅಧಿಕಾರ ಇರುವವನು ಎದುರಿಗೇ ಕೂತಿದ್ದಾನೆ. ಬರೆದವನಿಗೂ ತಪ್ಪಿನಿಂದ ಪೆಟ್ಟು ಬೀಳುತ್ತದೆ.

ಬೆಳೆ ಸಮೀಕ್ಷೆಯಲ್ಲಿ ಇದರಲ್ಲಿ ಒಂದೂ ಇಲ್ಲ. ಹೊಲ ನಮ್ಮದು, ಬೆಳೆ ನಮ್ಮದು, ಎಂಟ್ರಿ ಮಾಡುವುದು ಇನ್ನೊಬ್ಬರು. ಒಪ್ಪುವುದು ಮತ್ತೊಬ್ಬರು. ಬಳಸುವುದು ವಿಮಾ ಕಂಪನಿ, ಬ್ಯಾಂಕು, ಕಂದಾಯ ಇಲಾಖೆ, ಬೆಂಬಲ ಬೆಲೆ ಕೇಂದ್ರ. ತಪ್ಪಾದರೆ ಈ ಸಾಲಿನಲ್ಲಿ ಯಾರಿಗೂ ಒಂದು ರೂಪಾಯಿ ನಷ್ಟ ಇಲ್ಲ. ನಷ್ಟ ಆಗುವುದು ಸಾಲಿನಲ್ಲೇ ಇಲ್ಲದ ರೈತನಿಗೆ.

ಬೆಳೆ ದರ್ಶಕ ಅನ್ನುವ ಆಪ್ ಇದೆ, ಅದರಲ್ಲಿ ನೋಡಿ ಆಕ್ಷೇಪಣೆ ಹಾಕಬಹುದು ಅಂತ ಅಧಿಕಾರಿಗಳು ಹೇಳುತ್ತಾರೆ. ನಿಜ, ಇದೆ. ಈ ಬರಹ ಓದುತ್ತಿರುವ ನಿಮ್ಮ ಫೋನಿನಲ್ಲೇ ಹಾಕಿಕೊಳ್ಳಬಹುದು, ಹಾಕಿಕೊಳ್ಳಿ ಅಂತ ನಾವೂ ಹೇಳುತ್ತೇವೆ. ಆದರೆ ಡೇರಿಯ ಅವ್ವ ತನ್ನ ಫ್ಯಾಟ್ ನೋಡಲು ಆಪ್ ಹುಡುಕಿಕೊಂಡು ಹೋಗುವುದಿಲ್ಲ. ಚೀಟಿ ಅವಳ ಕೈಗೆ ಬರುತ್ತದೆ. ಹುಡುಕಿದವನಿಗೆ ಮಾತ್ರ ಕಾಣುವ ಮಾಹಿತಿಗೂ, ಕೈಗೆ ಬಂದು ಸೇರುವ ಮಾಹಿತಿಗೂ ಬಹಳ ದೂರ. ಗೆಳೆಯನ ಅಪ್ಪನ ಹತ್ತಿರ ಇರುವುದು ಬಟನ್ ಫೋನು.

ಇದು ಒಂದು ಸಮೀಕ್ಷೆಯ ಕತೆ ಆಗಿದ್ದರೆ ನಾವು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಉತಾರವನ್ನೇ ನೋಡಿ.

ನಮ್ಮ ರಾಜ್ಯದ ಭೂಮಿ ಯೋಜನೆ ದೇಶಕ್ಕೇ ಹೆಸರಾದದ್ದು. 2000ನೇ ಇಸವಿಯ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಅದಕ್ಕೆ ಮೊದಲು ಒಂದು ಉತಾರಕ್ಕಾಗಿ ತಲಾಟಿಯ ಹಿಂದೆ ಎಷ್ಟು ದಿನ ತಿರುಗಬೇಕಿತ್ತು, ಏನೇನು ಕೊಡಬೇಕಿತ್ತು ಅಂತ ನಿಮ್ಮ ಮನೆಯ ಹಿರಿಯರನ್ನು ಕೇಳಿ. ಖಾತೆ ಬದಲಾವಣೆ ಅರ್ಜಿಗಳನ್ನು ಬಂದ ಸರದಿಯಲ್ಲೇ ಮುಗಿಸಬೇಕು, ನಡುವಿನದನ್ನು ಎತ್ತಿ ಮೊದಲು ಮಾಡುವಂತಿಲ್ಲ ಅನ್ನುವ ನಿಯಮವನ್ನು ಕಂಪ್ಯೂಟರೇ ಕಾಯುವ ಹಾಗೆ ಮಾಡಿದರು. ಇದು ಸಣ್ಣ ಕೆಲಸ ಅಲ್ಲ. ಇಲ್ಲಿ ಬದಲಾದದ್ದು ಯಂತ್ರ ಮಾತ್ರ ಅಲ್ಲ, ಕೆಲಸದ ಸರದಿಯೇ ಬದಲಾಯಿತು. ಅದಕ್ಕೇ ಜನಕ್ಕೆ ಉಪಯೋಗ ಆಯಿತು.

ಆದರೆ ಪುಸ್ತಕದಲ್ಲಿ ಇದ್ದ ತಪ್ಪುಗಳೂ ಜೊತೆಗೇ ಒಳಗೆ ಹೋದವು. ಪಹಣಿಯ ಮೂರನೇ ಕಾಲಂನಲ್ಲಿ ಆ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಇರುತ್ತದೆ. ಒಂಬತ್ತನೇ ಕಾಲಂನಲ್ಲಿ ಯಾರ್ಯಾರ ಹೆಸರಿಗೆ ಎಷ್ಟೆಷ್ಟು ಅಂತ. ಒಂಬತ್ತರಲ್ಲಿ ಇರುವುದನ್ನು ಕೂಡಿದರೆ ಮೂರರಲ್ಲಿ ಇರುವುದು ಬರಬೇಕು. ಎರಡನೇ ಕ್ಲಾಸಿನ ಹುಡುಗ ಕೂಡ ಮಾಡುವ ಲೆಕ್ಕ. ಈ ಎರಡು ಕಾಲಂ ತಾಳೆ ಆಗದ ಪಹಣಿಗಳು ರಾಜ್ಯದ ತುಂಬ ಇವೆ. ಅವನ್ನು ಸರಿ ಮಾಡುವುದಕ್ಕೆ ಎಷ್ಟು ಸಲ ಅದಾಲತ್ ಮಾಡಿದರು, ಎಷ್ಟು ಸುತ್ತೋಲೆ ಬಂತು! ತಾಳೆ ಆಗದ ಪಹಣಿ ಇದ್ದರೆ ಭಾಗ ಮಾಡಿಕೊಳ್ಳುವುದು, ಮಾರುವುದು, ಕೆಲವು ಸಲ ಸಾಲ ತೆಗೆಯುವುದು ಎಲ್ಲಕ್ಕೂ ತೊಡಕು. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷ ಆದರೂ ಉತಾರದಲ್ಲಿ ಅವನೇ ಬದುಕಿರುವ ಮನೆಗಳು ನಿಮ್ಮ ಓಣಿಯಲ್ಲೇ ಎಷ್ಟಿವೆ ಎಣಿಸಿ. ಪೌತಿ ಖಾತೆ ಮಾಡಿಸದೇ ಇದ್ದದ್ದು ನಮ್ಮದೇ ಆಲಸ್ಯ ಅಂತ ಹೇಳುವವರಿದ್ದಾರೆ. ಸ್ವಲ್ಪ ನಿಜ. ಆದರೆ ಮರಣ ನೋಂದಣಿಯೂ ಸರ್ಕಾರದ್ದೇ, ಉತಾರವೂ ಸರ್ಕಾರದ್ದೇ. ಒಂದು ಕಚೇರಿಗೆ ಗೊತ್ತಾದ ಸಾವು ಇನ್ನೊಂದು ಕಚೇರಿಗೆ ಗೊತ್ತಾಗಲು ಮಗ ಕಾಗದ ಹಿಡಿದು ಬಸ್ ಹತ್ತಬೇಕು.

ಎಕರೆ ಗುಂಟೆಯ ಕತೆ ಇನ್ನೂ ಸ್ವಾರಸ್ಯ. ಗೆಳೆಯನ ಅಪ್ಪನ ಹೊಲ ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಅದು ಎರಡೂವರೆ ಎಕರೆ. ಅದನ್ನು ಯಾರಾದರೂ 2.20 ಅಂತ ಬರೆದರು ಅನ್ನಿ. ಗುಂಟೆ ಲೆಕ್ಕ ಗೊತ್ತಿಲ್ಲದ ಇನ್ನೊಬ್ಬರು ಅದನ್ನು ದಶಾಂಶ ಅಂತ ಓದಿದರೆ ಅದು ಎರಡು ಎಕರೆ ಎಂಟು ಗುಂಟೆ ಆಗುತ್ತದೆ. ಹನ್ನೆರಡು ಗುಂಟೆ ಗಾಳಿಗೆ ಹೋಯಿತು. ಅಂಕಿಯಲ್ಲಿ ತಪ್ಪಿಲ್ಲ, ಓದುವಲ್ಲಿ ತಪ್ಪು. ಬರೆದವರು ಒಂದು ಅರ್ಥ ಇಟ್ಟುಕೊಂಡು ಬರೆದರು, ಓದಿದವರು ಇನ್ನೊಂದು ಅರ್ಥ ಇಟ್ಟುಕೊಂಡು ಓದಿದರು. ಒಂದು ಕಚೇರಿಯ ಮಾಹಿತಿ ಇನ್ನೊಂದು ಕಚೇರಿಗೆ, ಅಲ್ಲಿಂದ ಬ್ಯಾಂಕಿಗೆ, ಅಲ್ಲಿಂದ ಕಂಪನಿಗೆ ಹೋಗುವ ಈ ಕಾಲದಲ್ಲಿ ಇಂಥ ತಪ್ಪು ಸದ್ದಿಲ್ಲದೆ ಆಗುತ್ತದೆ. ನಿಮ್ಮ ಹೆಸರಿನ ಯಾವುದೇ ಕಾಗದದಲ್ಲಿ ವಿಸ್ತೀರ್ಣ ಇದ್ದರೆ ಅದು ಗುಂಟೆಯೋ ದಶಾಂಶವೋ ಅಂತ ಒಮ್ಮೆ ನೋಡಿಕೊಳ್ಳಿ.

ಹೆಸರಿನ ಕಷ್ಟ ಹೇಳಿ ಮುಗಿಯುವುದಿಲ್ಲ. ಪಹಣಿ ಕನ್ನಡದಲ್ಲಿ. ಬ್ಯಾಂಕ್ ಪುಸ್ತಕ ಇಂಗ್ಲಿಷಿನಲ್ಲಿ. ಆಧಾರ್ ಎರಡರಲ್ಲೂ, ಆದರೆ ಅಂದು ಶಾಲೆಯ ವರಾಂಡದಲ್ಲಿ ಟೈಪ್ ಮಾಡಿದ ಹುಡುಗನಿಗೆ ತೋಚಿದ ಹಾಗೆ. ಊರಲ್ಲಿ ಬಸಪ್ಪ, ಉತಾರದಲ್ಲಿ ಬಸವಣ್ಣೆಪ್ಪ, ಆಧಾರ್‌ನಲ್ಲಿ ಅಡ್ಡಹೆಸರು ಮುಂದೆ, ಬ್ಯಾಂಕಿನಲ್ಲಿ ಅಡ್ಡಹೆಸರು ಇಲ್ಲವೇ ಇಲ್ಲ. ಬಸವರಾಜ ಅನ್ನುವ ಹೆಸರಿನ ಕೊನೆಗೆ ಇಂಗ್ಲಿಷಿನಲ್ಲಿ ಒಂದು ಎ ಇರಬೇಕೋ ಬೇಡವೋ ಅನ್ನುವುದರ ಮೇಲೆ ಮನುಷ್ಯನ ಹಣ ನಿಂತಿರುತ್ತದೆ. 2019ರಲ್ಲಿ ಶುರುವಾದ ಪಿಎಂ ಕಿಸಾನ್‌ನ ವರ್ಷಕ್ಕೆ 6000 ರೂಪಾಯಿ ಇಂಥ ಕಾರಣಕ್ಕೆ ನಿಂತವರನ್ನು ನಾವು ಪ್ರತಿ ಊರಲ್ಲೂ ನೋಡಿದ್ದೇವೆ. ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಒಮ್ಮೆಯೂ ಬರೆಯದ ಮನುಷ್ಯ, ಆ ಇಂಗ್ಲಿಷ್ ಹೆಸರಿನ ತಪ್ಪಿಗೆ ಅಫಿಡವಿಟ್ ಮಾಡಿಸುತ್ತಾನೆ. ನಾನೇ ಅವನು, ಅವನೇ ನಾನು ಅಂತ.

2023ರ ಬರ ನೆನಪಿದೆಯಲ್ಲ. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂದರು. ಆ ಸಲ ಪರಿಹಾರ ಕೊಟ್ಟದ್ದು ಫ್ರೂಟ್ಸ್ ದಾಖಲೆ ನೋಡಿ. ಅಂದರೆ ಎಫ್‌ಐಡಿಯಲ್ಲಿ ನಿಮ್ಮ ಎಲ್ಲ ಸರ್ವೆ ನಂಬರುಗಳು ಸೇರಿರಬೇಕು. ಒಂದು ಸೇರಿ ಇನ್ನೊಂದು ಬಿಟ್ಟು ಹೋಗಿದ್ದರೆ ಬಿಟ್ಟದ್ದಕ್ಕೆ ಪರಿಹಾರ ಇಲ್ಲ. ಒಂದೇ ಜಾಗದಲ್ಲಿ ಎಲ್ಲ ಮಾಹಿತಿ ಇರಲಿ, ಪದೇ ಪದೇ ಅದೇ ಕಾಗದ ಕೇಳುವುದು ತಪ್ಪಲಿ ಅನ್ನುವ ವಿಚಾರ ಒಳ್ಳೆಯದೇ. ಮಧ್ಯವರ್ತಿಗೆ ಕೊಡುವ ಹಣ ಎಷ್ಟೋ ಉಳಿಯಿತು. ಆದರೆ ಒಂದೇ ಬಾವಿಯ ನೀರು ಎಲ್ಲರೂ ಕುಡಿಯುವಾಗ ಆ ಬಾವಿಯನ್ನು ಎಷ್ಟು ಜೋಪಾನ ಮಾಡಬೇಕು! ಮೊದಲು ತಪ್ಪು ಒಂದು ಪುಸ್ತಕದಲ್ಲಿ ಇರುತ್ತಿತ್ತು. ಈಗ ಒಂದು ತಪ್ಪು ವಿಮೆಯನ್ನೂ ತಡೆಯುತ್ತದೆ, ಬರ ಪರಿಹಾರವನ್ನೂ ತಡೆಯುತ್ತದೆ, ಬೆಂಬಲ ಬೆಲೆಗೆ ಮಾರಲೂ ಬಿಡುವುದಿಲ್ಲ.

ಇಷ್ಟು ಹೇಳಿದ ಮೇಲೆ ಎದುರು ಮಾತನ್ನೂ ಹೇಳಬೇಕು. ರೈತರೆಲ್ಲ ಸತ್ಯ ಹರಿಶ್ಚಂದ್ರರಲ್ಲ. ಹೆಚ್ಚು ಪರಿಹಾರ ಬರುವ ಬೆಳೆಗೆ ವಿಮೆ ಕಟ್ಟಿ ಬೇರೆ ಬೆಳೆ ಬಿತ್ತಿದವರು ನಮ್ಮ ಊರುಗಳಲ್ಲೂ ಇದ್ದಾರೆ, ಹೆಸರು ಹೇಳುವುದು ಬೇಡ. ಪಾಳು ಬಿದ್ದ ಹೊಲಕ್ಕೆ ಬೆಳೆ ತೋರಿಸಿದವರಿದ್ದಾರೆ. ಅದಕ್ಕೇ ಸಮೀಕ್ಷೆ ಬೇಕು, ತಾಳೆ ನೋಡುವುದೂ ಬೇಕು. ಮುಂಗಾರಿನ ಆಹಾರ ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ ನೂರಕ್ಕೆ ಎರಡು ಮಾತ್ರ, ಉಳಿದ ಕಂತು ಸರ್ಕಾರಗಳದ್ದು, ಅಂದರೆ ನಮ್ಮೆಲ್ಲರ ತೆರಿಗೆಯದ್ದು. ಅದು ಸುಳ್ಳು ಹೇಳಿದವರಿಗೆ ಹೋಗಬಾರದು. ನಮ್ಮ ತಕರಾರು ತಾಳೆ ನೋಡುವುದರ ಮೇಲೆ ಅಲ್ಲ. ಎರಡು ಕಾಗದ ತಾಳೆ ಆಗದಿದ್ದಾಗ ಯಾವಾಗಲೂ ರೈತನ ಕಾಗದವೇ ಸುಳ್ಳು, ಕಚೇರಿಯ ಕಾಗದವೇ ನಿಜ ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ಅದರ ಮೇಲೆ ನಮ್ಮ ತಕರಾರು. ಸಮೀಕ್ಷೆಯಲ್ಲೂ ತಪ್ಪು ಇರಬಹುದು ಅಂತ ಒಪ್ಪಿಕೊಂಡರೆ, ಸಾಕ್ಷಿ ತರುವ ಕೆಲಸ ಇಬ್ಬರ ಮೇಲೂ ಬೀಳುತ್ತದೆ. ಕಚೇರಿ ಆ ಫೋಟೋ ತೆಗೆದು ತೋರಿಸಬೇಕಾಗುತ್ತದೆ. ಯಾವ ದಿನ, ಯಾರು, ಹೊಲದ ಯಾವ ಮೂಲೆಯಲ್ಲಿ ನಿಂತು ತೆಗೆದದ್ದು ಅಂತ ಹೇಳಬೇಕಾಗುತ್ತದೆ.

ಹಾಗಾದರೆ ಏನು ಮಾಡಬೇಕು? ದೊಡ್ಡ ಯಂತ್ರ ಏನೂ ಬೇಡ. ಸಮೀಕ್ಷೆ ಆದ ದಿನವೇ ರೈತನ ಫೋನಿಗೆ ಕನ್ನಡದಲ್ಲಿ ಒಂದು ಎಸ್‌ಎಂಎಸ್ ಬರಲಿ. ನಿಮ್ಮ ಸರ್ವೆ ನಂಬರ್ ಇಷ್ಟು, ಬೆಳೆ ಇದು, ವಿಸ್ತೀರ್ಣ ಇಷ್ಟು ಎಕರೆ ಇಷ್ಟು ಗುಂಟೆ, ತಪ್ಪಿದ್ದರೆ ಈ ನಂಬರಿಗೆ ಫೋನ್ ಮಾಡಿ ಅಂತ. ಬಟನ್ ಫೋನಿಗೂ ಎಸ್‌ಎಂಎಸ್ ಬರುತ್ತದೆ. ಬ್ಯಾಂಕಿನವರು ನೂರು ರೂಪಾಯಿ ತೆಗೆದರೂ ಕಳಿಸುತ್ತಾರೆ, ಒಂದು ವರ್ಷದ ಬೆಳೆಗೆ ಕಳಿಸಲು ಏನು ಕಷ್ಟ? ಬೆಳೆಯ ಪಟ್ಟಿಯಲ್ಲಿ ಆಯಾ ಸೀಮೆಯ ಹೆಸರುಗಳನ್ನೂ ಸೇರಿಸಲಿ. ಗೋವಿನಜೋಳ ಅಂತ ಹುಡುಕಿದರೆ ಮುಸುಕಿನ ಜೋಳ ಬರಲಿ. ಊರಲ್ಲಿ ಯಾರೂ ಬಿತ್ತದ ಬೆಳೆ ಒಂದೆರಡು ತಾಕಿನಲ್ಲಿ ಬಿದ್ದರೆ ಆಪ್ ಅಲ್ಲೇ ನಿಲ್ಲಿಸಿ ಇನ್ನೊಮ್ಮೆ ಕೇಳಲಿ. ಸಮೀಕ್ಷೆಯ ಹುಡುಗರಿಗೆ ತಾಕಿಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ಹಿಡಿದಿಟ್ಟು, ರೈತ ಸರಿ ಅಂದ ಮೇಲೆ ಕೊಡಬಹುದು ಅಂತ ನಮ್ಮಲ್ಲಿ ಒಬ್ಬರು ಹೇಳಿದರು. ಉಳಿದವರು ಒಪ್ಪಲಿಲ್ಲ, ಮೊದಲೇ ಕಡಿಮೆ ಕೊಡುವುದನ್ನು ಇನ್ನೂ ತಡ ಮಾಡಿದಂತಾಗುತ್ತದೆ ಅಂತ. ನಮಗೂ ಆ ಮಾತೇ ಸರಿ ಅನ್ನಿಸಿತು. ಅವರಿಗೆ ತಾಕು ಕಡಿಮೆ ಕೊಟ್ಟು ದಿನ ಹೆಚ್ಚು ಕೊಡುವುದು ವಾಸಿ.

ನಾವು ಇದಕ್ಕಿಂತ ಹೆಚ್ಚು ಒತ್ತಿ ಕೇಳುವುದು ಒಂದನ್ನು. ಬೆಳೆ ಹೊಲದಲ್ಲಿ ನಿಂತಿರುವಾಗಲೇ ಗ್ರಾಮ ಸಭೆ ಕರೆದು ಆ ಊರಿನ ಸಮೀಕ್ಷೆಯ ಪಟ್ಟಿಯನ್ನು ಗಟ್ಟಿಯಾಗಿ ಓದಬೇಕು. ಇದು ಹೊಸ ವಿಚಾರ ಅಲ್ಲ. 1994ರಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಕಾಮಗಾರಿಗಳ ಹಾಜರಿ ಪಟ್ಟಿಯನ್ನು ಜನರ ಎದುರು ಓದಿಸಿದರು. ಕೆಲಸಕ್ಕೇ ಬಾರದವರ ಹೆಸರು, ಸತ್ತವರ ಹೆಸರು ಎಲ್ಲ ಅಲ್ಲೇ ಹೊರಬಿದ್ದವು. ಯಾವ ಲೆಕ್ಕ ಪರಿಶೋಧಕನಿಗೂ ಸಿಗದ ತಪ್ಪು ಊರಿನವರ ಕಿವಿಗೆ ಒಂದು ನಿಮಿಷದಲ್ಲಿ ಸಿಕ್ಕಿತು. ಆಮೇಲೆ 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಗ್ರಾಮ ಸಭೆಯ ಸಾಮಾಜಿಕ ಪರಿಶೋಧನೆಯನ್ನು ಕಾನೂನಾಗಿಯೇ ಬರೆದರು. ಅದೇ ದಾರಿಯಲ್ಲಿ ಬೆಳೆ ಪಟ್ಟಿ ಓದಲಿ. ಸರ್ವೆ ನಂಬರ್ ಇಂಥದ್ದು, ಜೋಳ ಅಂತ ಓದಿದ ಕೂಡಲೇ ಹಿಂದಿನ ಸಾಲಿನಿಂದ ಯಾರೋ ನಗುತ್ತಾರೆ. ಆ ನಗುವೇ ತಿದ್ದುಪಡಿ. ಸುಳ್ಳು ಬೆಳೆ ತೋರಿಸಿದವನೂ ಅಲ್ಲೇ ತಲೆ ತಗ್ಗಿಸಬೇಕಾಗುತ್ತದೆ. ಕಚೇರಿಗೂ ಅನುಕೂಲ, ನಮಗೂ ಅನುಕೂಲ.

ಇನ್ನೊಂದು. ತಪ್ಪು ಕಚೇರಿಯದು ಅಂತ ಸಾಬೀತಾದ ಮೇಲೆ ತಿದ್ದುವ ಖರ್ಚು ಕಚೇರಿಯದೇ ಆಗಬೇಕು. ಗೆಳೆಯನ ಅಪ್ಪ ಈ ಒಂದು ಪದಕ್ಕಾಗಿ ಐದು ಸಲ ಹೋಬಳಿಗೆ, ಎರಡು ಸಲ ತಾಲ್ಲೂಕಿಗೆ ಹೋಗಿ ಬಂದರು. ಏಳು ದಿನದ ಕೂಲಿ ಹೋಯಿತು. ಜೆರಾಕ್ಸ್, ಅರ್ಜಿ, ಚಹಾ ಬೇರೆ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ತಾನಾಗಿ ತಿದ್ದುವುದಿಲ್ಲ ಅಂತ ಮೊದಲೇ ಹೇಳಿ ಕಳಿಸಿದರಂತೆ. ತಪ್ಪು ಎಲ್ಲ ಕಡೆ ತಾನಾಗಿ ಹೋಗುತ್ತದೆ, ತಿದ್ದುಪಡಿ ಮಾತ್ರ ನಡೆದುಕೊಂಡು ಹೋಗಬೇಕು. ಒಂದು ವರ್ಷದಲ್ಲಿ ಎಷ್ಟು ಆಕ್ಷೇಪಣೆ ಬಂದವು, ಅದರಲ್ಲಿ ಎಷ್ಟರಲ್ಲಿ ರೈತ ಹೇಳಿದ್ದೇ ಸರಿ ಆಯಿತು ಅಂತ ತಾಲ್ಲೂಕುವಾರು ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕಿದರೆ, ಎಲ್ಲಿ ಕೆಲಸ ಕೆಟ್ಟಿದೆ ಅಂತ ಮೇಲಿನವರಿಗೂ ತಿಳಿಯುತ್ತದೆ. ಈಗ ತಿರಸ್ಕಾರದ ಪಟ್ಟಿ ಮಾತ್ರ ಗೋಡೆಗೆ ಬರುತ್ತದೆ.

ಅವರ ಆಕ್ಷೇಪಣೆ ಅರ್ಜಿಗೆ ನಾವು ಇದನ್ನು ಬರೆಯುವ ಹೊತ್ತಿನವರೆಗೆ ಉತ್ತರ ಬಂದಿಲ್ಲ. ಕಣದಲ್ಲಿ ಕಾಳು ತೂಗಿದ ವ್ಯಾಪಾರಿ, ಪುಣ್ಯಕ್ಕೆ, ತನ್ನ ವಹಿಯ ಆ ಪುಟದ ಜೆರಾಕ್ಸ್ ಕೊಟ್ಟಿದ್ದಾನೆ. ಅದನ್ನು ಒಪ್ಪುತ್ತಾರೋ ಇಲ್ಲವೋ ನೋಡಬೇಕು.

ಈ ಮುಂಗಾರಿಗೂ ಅವರು ಗೋವಿನಜೋಳವನ್ನೇ ಬಿತ್ತಿದ್ದಾರೆ. ಸಮೀಕ್ಷೆಯ ಹುಡುಗ ಹೋದ ವಾರ ಬಂದಿದ್ದ. ಇವರು ಎಡೆ ಹೊಡೆಯುವುದನ್ನು ಬಿಟ್ಟು ಬದುವಿಗೆ ಬಂದು, "ಏನ್ ಒತ್ತಿದಿ, ಓದಿ ಹೇಳಪಾ" ಅಂದರು. ಅವನು ಓದಿದ. ಸರ್ವೆ ನಂಬರ್, ಹಿಸ್ಸಾ, ಮುಸುಕಿನ ಜೋಳ, ಎರಡು ಎಕರೆ ಇಪ್ಪತ್ತು ಗುಂಟೆ. ಗೆಳೆಯ ಪಕ್ಕದಲ್ಲಿ ನಿಂತು ಆ ಸ್ಕ್ರೀನಿನ ಫೋಟೋ ತೆಗೆದುಕೊಂಡ, ತಾರೀಖು ಕಾಣುವ ಹಾಗೆ. ನಾಲ್ಕು ನಿಮಿಷದ ಕೆಲಸ. ಆ ಹುಡುಗನಿಗೆ ಅವತ್ತು ಇನ್ನೂ ಅರವತ್ತು ತಾಕು ಬಾಕಿ ಇತ್ತಂತೆ. ಅಷ್ಟೂ ಹೊಲಗಳಲ್ಲಿ ಬದುವಿನ ಮೇಲೆ ಯಾರೂ ನಿಂತಿರಲಿಲ್ಲ.